ಕರೆಯದೇ ಬಂದ ಹೊಸಬ: ‘ನೈಟ್ ಟ್ರೈನ್’ ಲೇನ್

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ನಮ್ಮ ಹಾಸ್ಟೆಲ್ಲಿನ ಹವಾಮಾನವೇ ಬದಲಾಗಿಬಿಡುತ್ತೆ. ನೋಟಿಸ್ ಬೋರ್ಡ್ ಮುಂದೆ ನಿಂತು ಶಾರ್ಟ್‌ಲಿಸ್ಟನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡೆರಡು ಸಲ ಓದೋದು, ಹೆಸರು ಇಲ್ಲ ಅಂತ ಖಾತ್ರಿಯಾದ ಮೇಲೂ ಇನ್ನೊಮ್ಮೆ ಓದೋದು. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋ ಅನುಭವ. ಹಾಗೆ ಹೆಸರಿಲ್ಲದೆ ರೂಮಿಗೆ ವಾಪಸ್ ಬಂದವರಿಗಾಗಿ ಈ ಸಲ ಒಬ್ಬ ಆಟಗಾರನ ಕಥೆ ಬರೀತಿದ್ದೀನಿ. ಅವನ ಆಟ ಅಮೆರಿಕನ್ ಫುಟ್ಬಾಲ್. ನಮ್ಮಲ್ಲಿ ಅದನ್ನು ನೋಡೋರು ಕಡಿಮೆ. ಆದ್ರೆ ಕಥೆ ಅರ್ಥವಾಗೋಕೆ ಆಟ ಪೂರ್ತಿ ಗೊತ್ತಿರಬೇಕಾಗಿಲ್ಲ.

ಅವನ ಹೆಸರು ರಿಚರ್ಡ್ ಲೇನ್. ಎಲ್ಲರೂ ಕರೀತಿದ್ದದ್ದು ಡಿಕ್ ಅಂತ. ಆಮೇಲೆ ಇಡೀ ದೇಶ ಕರೆದದ್ದು ‘ನೈಟ್ ಟ್ರೈನ್’ ಅಂತ.

1920ರ ದಶಕದ ಕೊನೆ, ಟೆಕ್ಸಸ್ ರಾಜ್ಯದ ಆಸ್ಟಿನ್ ನಗರ. ಎಲಾ ಲೇನ್ ಎಂಬ ಕಪ್ಪು ವಿಧವೆಗೆ ಬೀದಿಬದಿಯ ಕಸದ ಡಬ್ಬಿಯಿಂದ ಬೆಕ್ಕು ಕೂಗಿದಂತೆ ಸದ್ದು ಕೇಳಿಸಿತು. ಹತ್ತಿರ ಹೋಗಿ ನೋಡಿದರೆ ಒಳಗಿದ್ದದ್ದು ಬೆಕ್ಕಲ್ಲ, ಹಳೇ ಪೇಪರಿನಲ್ಲಿ ಸುತ್ತಿಟ್ಟ ಮೂರು ತಿಂಗಳ ಗಂಡುಮಗು. ಹೆತ್ತವರು ಬಿಟ್ಟುಹೋಗಿದ್ದರು. ಎಲಾಗೆ ಆಗಲೇ ತನ್ನವೇ ಇಬ್ಬರು ಮಕ್ಕಳು, ಕೈಯಲ್ಲಿ ದುಡ್ಡೂ ಅಷ್ಟಕ್ಕಷ್ಟೇ. ಆದರೂ ಆಕೆ ಮಗುವನ್ನು ಎತ್ತಿಕೊಂಡು ಮನೆಗೆ ಹೋದಳು, ತನ್ನ ಮನೆತನದ ಹೆಸರು ಕೊಟ್ಟು ಸಾಕಿದಳು.

ಹುಡುಗ ಬೆಳೆದ ಆಸ್ಟಿನ್‌ನಲ್ಲಿ ಬಿಳಿಯರಿಗೆ ಬೇರೆ ಶಾಲೆ, ಕಪ್ಪು ಜನರಿಗೆ ಬೇರೆ ಶಾಲೆ. ಅವನು ಓದಿದ್ದು ಕಪ್ಪು ಮಕ್ಕಳಿಗಿದ್ದ ಆಂಡರ್ಸನ್ ಹೈಸ್ಕೂಲಿನಲ್ಲಿ. ಫುಟ್ಬಾಲು, ಬ್ಯಾಸ್ಕೆಟ್‌ಬಾಲು ಎರಡರಲ್ಲೂ ಮುಂದು. ಶಾಲೆ ಮುಗಿದ ಮೇಲೆ ನೆಬ್ರಾಸ್ಕದ ಸ್ಕಾಟ್ಸ್‌ಬ್ಲಫ್ ಎಂಬ ಸಣ್ಣ ಊರಿಗೆ ಹೋದ. ಅಲ್ಲಿದ್ದದ್ದು ಅವನನ್ನು ಹೆತ್ತ ತಾಯಿ. ಕಸದ ಡಬ್ಬಿಯ ಕಥೆ ಗೊತ್ತಿದ್ದೂ ಆಕೆಯ ಜೊತೆ ಇರೋಕೆ ಹೋದನಲ್ಲ, ಅದಕ್ಕೆ ಎಂಥ ಮನಸ್ಸು ಬೇಕೋ ನೀವೇ ಯೋಚನೆ ಮಾಡಿ. ಅಲ್ಲಿನ ಜೂನಿಯರ್ ಕಾಲೇಜಿನಲ್ಲಿ 1947ರಲ್ಲಿ ಒಂದೇ ಒಂದು ಸೀಸನ್ ಆಡಿದ. ಅವನ ಕಾಲೇಜು ಫುಟ್ಬಾಲ್ ಅಂದ್ರೆ ಅಷ್ಟೇ. ಮುಂದೆ ಸೈನ್ಯ ಸೇರಿ ಸುಮಾರು ನಾಲ್ಕು ವರ್ಷ ಅಲ್ಲಿದ್ದ, ಕ್ಯಾಲಿಫೋರ್ನಿಯಾದ ಫೋರ್ಟ್ ಓರ್ಡ್ ಶಿಬಿರದ ತಂಡಕ್ಕೆ ಆಡಿದ.

ಈಗ ಲೆಕ್ಕ ನೋಡಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಪ್ರತಿ ವರ್ಷ ‘ಡ್ರಾಫ್ಟ್’ ನಡೆಸುತ್ತೆ. ಒಂಥರಾ ಇಡೀ ದೇಶದ ಕ್ಯಾಂಪಸ್ ಸೆಲೆಕ್ಷನ್. ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲಿ ನಾಲ್ಕು ವರ್ಷ ಆಡಿ ಹೆಸರು ಮಾಡಿದವರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ತವೆ. 1952ರಲ್ಲಿ ಈ ಡ್ರಾಫ್ಟ್ 30 ಸುತ್ತು ನಡೆಯಿತು, ತಂಡಗಳು 12. ಮುನ್ನೂರಕ್ಕೂ ಹೆಚ್ಚು ಹೆಸರು ಕೂಗಿದರು. ಲೇನ್ ಹೆಸರು ಅದರಲ್ಲಿ ಇರಲಿಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ, ಯಾಕಂದ್ರೆ ಆ ಪಟ್ಟಿ ಮಾಡೋರು ಹೋಗಿ ನೋಡುವ ಜಾಗಗಳಲ್ಲಿ ಅವನು ಆಡಿಯೇ ಇರಲಿಲ್ಲ.

ಸೈನ್ಯದಿಂದ ಹೊರಬಂದವನಿಗೆ ಲಾಸ್ ಏಂಜಲೀಸಿನ ವಿಮಾನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಎಣ್ಣೆ ಸುರಿಯುವ ದೊಡ್ಡ ದೊಡ್ಡ ಲೋಹದ ಹಾಳೆಗಳನ್ನು ಎತ್ತಿ ಎತ್ತಿ ಇಡೋದು. ಸಂಜೆ ಹೊತ್ತಿಗೆ ಮೈಯೆಲ್ಲ ಎಣ್ಣೆ. ಆ ಕೆಲಸ ಅವನಿಗೆ ಒಂಚೂರೂ ಹಿಡಿಸಲಿಲ್ಲ. ಓಡಾಡುವ ದಾರಿಯಲ್ಲೇ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಆಫೀಸು ಕಾಣಿಸುತ್ತಿತ್ತು. ಒಂದಿನ ನೇರವಾಗಿ ಅದರ ಒಳಗೆ ಹೋದ. ಅಪಾಯಿಂಟ್‌ಮೆಂಟ್ ಇಲ್ಲ, ಶಿಫಾರಸು ಇಲ್ಲ. ಕಂಕುಳಲ್ಲಿ ಇದ್ದದ್ದು ಒಂದು ಹಳೇ ಸ್ಕ್ರ್ಯಾಪ್‌ಬುಕ್ ಮಾತ್ರ. ಹೈಸ್ಕೂಲು, ಜೂನಿಯರ್ ಕಾಲೇಜು, ಸೈನ್ಯದ ಪಂದ್ಯಗಳ ಬಗ್ಗೆ ಪೇಪರಿನಲ್ಲಿ ಬಂದ ತುಣುಕುಗಳನ್ನು ಕತ್ತರಿಸಿ ಅಂಟಿಸಿಕೊಂಡಿದ್ದ ಪುಸ್ತಕ. ಅದೇ ಅವನ ರೆಸ್ಯೂಮೆ.

ಕೋಚ್ ಜೋ ಸ್ಟೈಡಹಾರ್ ಆ ಪುಸ್ತಕ ತಿರುವಿ ಹಾಕಿದರು. ಬಾಗಿಲಿಂದಲೇ ಕಳಿಸಿಬಿಡಬಹುದಿತ್ತು, ಕಳಿಸಲಿಲ್ಲ. ತರಬೇತಿ ಶಿಬಿರಕ್ಕೆ ಬಾ, ನೋಡೋಣ ಅಂದರು.

ಇಲ್ಲಿ ಒಂದು ಹಿನ್ನೆಲೆ ಹೇಳಲೇಬೇಕು. 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಬರೆದಿಟ್ಟ ನಿಯಮ ಅಲ್ಲ, ಒಳಗೊಳಗೇ ಇದ್ದ ಒಪ್ಪಂದ. 1946ರಲ್ಲಿ ರ‍್ಯಾಮ್ಸ್ ತಂಡ ಕ್ಲೀವ್‌ಲ್ಯಾಂಡಿನಿಂದ ಲಾಸ್ ಏಂಜಲೀಸಿಗೆ ಬಂದಾಗ ಅದಕ್ಕೆ ಅಲ್ಲಿನ ಕೊಲಿಸಿಯಂ ಮೈದಾನ ಬೇಕಾಗಿತ್ತು. ಅದು ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ಮೈದಾನ, ಹಾಗಾಗಿ ಕಪ್ಪು ಆಟಗಾರರಿಗೂ ಅವಕಾಶ ಕೊಡಲೇಬೇಕು ಅಂತ ಸ್ಥಳೀಯರು ಪಟ್ಟು ಹಿಡಿದರು. ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ತಂಡಕ್ಕೆ ಸೇರಿದ್ದು ಹಾಗೆ. ಲೇನ್ ತಳ್ಳಿದ ಬಾಗಿಲಿನ ಚಿಲಕವನ್ನು ಆರು ವರ್ಷ ಮೊದಲೇ ಬೇರೆಯವರು ತೆಗೆಸಿದ್ದರು ಅನ್ನೋದನ್ನ ಮರೆಯಬಾರದು. ಧೈರ್ಯ ಅವನದೇ, ಆದರೆ ದಾರಿ ಒಬ್ಬನೇ ಮಾಡಿಕೊಂಡದ್ದಲ್ಲ.

ಶಿಬಿರದಲ್ಲಿ ಮೊದಲು ಅವನನ್ನು ರಿಸೀವರ್ ಜಾಗಕ್ಕೆ, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವ ಕೆಲಸಕ್ಕೆ ಹಾಕಿದರು. ಆ ಜಾಗದಲ್ಲಿ ಆಗಲೇ ಇದ್ದವರು ಯಾರು ಗೊತ್ತಾ? ಟಾಮ್ ಫಿಯರ್ಸ್ ಮತ್ತು ಎಲ್ರಾಯ್ ಹಿರ್ಷ್. ಫಿಯರ್ಸ್ 1950ರಲ್ಲಿ 84 ಚೆಂಡು ಹಿಡಿದು ದಾಖಲೆ ಮಾಡಿದ್ದವನು. ಇವರಿಬ್ಬರನ್ನು ಸರಿಸಿ ಜಾಗ ಪಡೆಯೋದು ಸಾಧ್ಯವಿಲ್ಲದ ಮಾತು. ಅದರ ಮೇಲೆ ಇನ್ನೊಂದು ಕಷ್ಟ. ದೊಡ್ಡ ತಂಡದ ಪ್ಲೇಬುಕ್ಕಿನ ಸಂಕೇತಗಳು, ಪರಿಭಾಷೆ ಯಾವುದೂ ಅವನಿಗೆ ತಲೆಗೆ ಹತ್ತುತ್ತಿರಲಿಲ್ಲ. ನಾಲ್ಕು ವರ್ಷ ಯೂನಿವರ್ಸಿಟಿಯಲ್ಲಿ ಆಡಿ ಬಂದವರಿಗೆ ಅದು ನೀರು ಕುಡಿದಷ್ಟು ಸಲೀಸು, ಇವನಿಗೆ ಕಬ್ಬಿಣದ ಕಡಲೆ.

ಆಗ ಅವನು ಮಾಡಿದ ಕೆಲಸ ನನಗೆ ಸ್ಕ್ರ್ಯಾಪ್‌ಬುಕ್ಕಿಗಿಂತ ದೊಡ್ಡದು ಅನ್ನಿಸುತ್ತೆ. ಸಂಜೆ ಹೊತ್ತು ನೇರವಾಗಿ ಫಿಯರ್ಸ್ ರೂಮಿಗೇ ಹೋಗಿ, ನನಗೆ ಇದು ಅರ್ಥ ಆಗ್ತಿಲ್ಲ, ಹೇಳಿಕೊಡು ಅಂತ ಕೇಳಿದ. ಯಾರ ಜಾಗಕ್ಕೆ ತಾನು ಪೈಪೋಟಿ ಮಾಡ್ತಿದ್ದಾನೋ ಅವನನ್ನೇ! ಫಿಯರ್ಸ್ ಕೂಡ ಹೇಳಿಕೊಟ್ಟ. ಆ ರೂಮಿನಲ್ಲಿ ಒಂದು ಗ್ರಾಮಫೋನು ಸದಾ ಹಾಡುತ್ತಿತ್ತು. ಆ ವರ್ಷ ಎಲ್ಲೆಲ್ಲೂ ಕೇಳುತ್ತಿದ್ದ ಜಿಮ್ಮಿ ಫಾರೆಸ್ಟ್‌ನ ‘ನೈಟ್ ಟ್ರೈನ್’ ಎಂಬ ಸ್ಯಾಕ್ಸೋಫೋನ್ ರೆಕಾರ್ಡು ಫಿಯರ್ಸ್‌ಗೆ ಪ್ರಾಣ. ಲೇನ್ ಬಾಗಿಲಲ್ಲಿ ಕಾಣಿಸಿದಾಗಲೆಲ್ಲ ಅದೇ ಹಾಡು. ಜೊತೆಯ ಆಟಗಾರನೊಬ್ಬ ತಮಾಷೆಗೆ ಅವನಿಗೆ ಅದೇ ಹೆಸರಿಟ್ಟ. ಅಡ್ಡಹೆಸರು ಇಡೋದರಲ್ಲಿ ಯಾವ ದೇಶದ ಹಾಸ್ಟೆಲ್ ಆದರೇನು, ಎಲ್ಲ ಒಂದೇ!

ಸ್ಟೈಡಹಾರ್ ಅವನನ್ನು ರಿಸೀವರ್ ಜಾಗದಿಂದ ತೆಗೆದು ಡಿಫೆನ್ಸ್‌ಗೆ ಹಾಕಿದರು. ಅಲ್ಲಿ ಅವನ ಕೆಲಸ ಉಲ್ಟಾ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೀತಾನೆ, ಅದು ಅವನ ರಿಸೀವರ್‌ಗೆ ಸೇರದಂತೆ ತಡೀಬೇಕು. ತಡೆಯೋದು ಒಂದು ಮಟ್ಟ. ನಡುವೆ ನುಗ್ಗಿ ತಾನೇ ಹಿಡಿದುಬಿಟ್ಟರೆ ಅದು ‘ಇಂಟರ್‌ಸೆಪ್ಷನ್’, ಚೆಂಡು ತನ್ನ ತಂಡದ ಪಾಲು. ಲೇನ್ ಆರಡಿಗೂ ಮೀರಿದ ಎತ್ತರ, ಉದ್ದನೆಯ ಕೈಗಳು, ಮಿಂಚಿನಂಥ ಓಟ. ಚೆಂಡು ಹಿಡಿಯೋ ಕಲೆ ಮೊದಲೇ ಇತ್ತು. ಅವನ ತಂತ್ರವೂ ಮಜಾ. ತಾನು ಕಾಯಬೇಕಾದ ರಿಸೀವರ್‌ಗೆ ಬೇಕಂತಲೇ ಸ್ವಲ್ಪ ಜಾಗ ಬಿಡುತ್ತಿದ್ದ. ದೂರದಿಂದ ನೋಡಿದ ಕ್ವಾರ್ಟರ್‌ಬ್ಯಾಕ್‌ಗೆ ಅವನು ಖಾಲಿ ಇದ್ದಾನೆ ಅನ್ನಿಸಿ ಎಸೆದೇಬಿಡುತ್ತಿದ್ದ. ಚೆಂಡು ಗಾಳಿಯಲ್ಲಿರುವಾಗಲೇ ಲೇನ್ ಆ ಅಂತರ ಮುಚ್ಚಿರುತ್ತಿದ್ದ.

ಸೀಸನ್ ಶುರುವಾಯಿತು. ಮೊದಲ ಪಂದ್ಯದಲ್ಲೇ ತಂಡ ಹೀನಾಯವಾಗಿ ಸೋತಿತು, ಅವನಿಗೆ ಅವಕಾಶ ಕೊಟ್ಟ ಸ್ಟೈಡಹಾರ್ ಕೆಲಸ ಬಿಟ್ಟು ಹೋದರು, ಹ್ಯಾಂಪ್ಟನ್ ಪೂಲ್ ಕೋಚ್ ಆದರು. ತನ್ನನ್ನು ಕರೆತಂದವನೇ ಹೋದ ಮೇಲೆ ಹೊಸಬನ ಗತಿ ಏನು ಅಂತ ಯಾರಿಗಾದರೂ ಭಯ ಆಗೋದು ಸಹಜ. ಲೇನ್ ಆಟ ಮಾತ್ರ ನಿಲ್ಲಲಿಲ್ಲ. ಸೀಸನ್ ಮುಗಿಯೋ ಹೊತ್ತಿಗೆ 12 ಪಂದ್ಯಗಳಲ್ಲಿ 14 ಇಂಟರ್‌ಸೆಪ್ಷನ್! ಅದಕ್ಕೂ ಮುಂಚೆ ಯಾರೂ 13 ದಾಟಿರಲಿಲ್ಲ. ಹಾಗೆ ಹಿಡಿದ ಚೆಂಡುಗಳನ್ನು ಒಟ್ಟು 298 ಗಜ ಓಡಿಸಿದ, ಎರಡು ಟಚ್‌ಡೌನ್ ಕೂಡ ಮಾಡಿದ.

ನಾವು ಎಂಜಿನಿಯರಿಂಗ್ ಮಂದಿ, ಲೆಕ್ಕ ಹಾಕದೆ ಇರೋಕಾಗುತ್ತಾ? ಇವತ್ತು ಸೀಸನ್‌ಗೆ 17 ಪಂದ್ಯ. ಅದೇ ವೇಗದಲ್ಲಿ ಇಂದು ಆಡಿದ್ದರೆ ಸುಮಾರು 20 ಆಗಬೇಕು. 1980ರಲ್ಲಿ ಲೆಸ್ಟರ್ ಹೇಯ್ಸ್ 16 ಪಂದ್ಯಗಳ ಸೀಸನ್‌ನಲ್ಲಿ 13 ಮುಟ್ಟಿದ. 2021ರಲ್ಲಿ ಟ್ರೆವಾನ್ ಡಿಗ್ಸ್ 11 ಹಿಡಿದಾಗ ಅದೇ ದೊಡ್ಡ ಸುದ್ದಿ. ಹಾಗಂತ ಹೋಲಿಕೆ ಪೂರ್ತಿ ನ್ಯಾಯವೂ ಅಲ್ಲ ಬಿಡಿ. ಆ ಕಾಲದ ಕ್ವಾರ್ಟರ್‌ಬ್ಯಾಕ್‌ಗಳು ದೂರ ದೂರಕ್ಕೆ ಧೈರ್ಯ ಮಾಡಿ ಎಸೀತಿದ್ದರು, ಇಂದಿನವರು ಅಳೆದು ತೂಗಿ ಎಸೀತಾರೆ. ಆದರೂ ಎಪ್ಪತ್ತು ವರ್ಷ ಕಳೆದ ಮೇಲೂ ಆ 14 ಅಲ್ಲೇ ಇದೆ. ಅದನ್ನು ಬರೆದವನು ಒಬ್ಬ ಮೊದಲ ವರ್ಷದ ಆಟಗಾರ.

ಮತ್ತೆ ಬಹುಮಾನ? ಇವತ್ತು ಡಿಫೆನ್ಸ್‌ನ ಅತ್ಯುತ್ತಮ ಹೊಸಬನಿಗೆ ಅಸೋಸಿಯೇಟೆಡ್ ಪ್ರೆಸ್ ಕೊಡುವ ಪ್ರಶಸ್ತಿ ಶುರುವಾದದ್ದೇ 1967ರಲ್ಲಿ. ಆ ವರ್ಷದ ಪ್ರೊ ಬೌಲ್ ತಾರಾ ಪಂದ್ಯಕ್ಕೂ ಅವನನ್ನು ಆರಿಸಲಿಲ್ಲ. ಪಟ್ಟಿಗಳಿಗೂ ಅವನಿಗೂ ಅದೇನೋ ಎಣ್ಣೆ ಸೀಗೆಕಾಯಿ ಸಂಬಂಧ.

ಅಡ್ಡಹೆಸರು ಮೊದಮೊದಲು ಅವನಿಗೆ ಇಷ್ಟವಿರಲಿಲ್ಲ. ವಾಷಿಂಗ್ಟನ್ ತಂಡದಲ್ಲಿ ಚಾರ್ಲಿ ಜಸ್ಟಿಸ್ ಎಂಬ ಹೆಸರಾಂತ ಆಟಗಾರನಿದ್ದ, ಅವನ ಅಡ್ಡಹೆಸರು ‘ಚೂ ಚೂ’, ಅದೂ ರೈಲೇ. ಲೇನ್ ಅವನನ್ನು ಕೆಡವಿದ ಮರುದಿನ ಪೇಪರಿನವರು ರಾತ್ರಿ ರೈಲು ಚೂ ಚೂ ರೈಲನ್ನು ಹಳಿ ತಪ್ಪಿಸಿತು ಎಂಬರ್ಥದ ತಲೆಬರಹ ಹಾಕಿದರು. ಆಮೇಲಿಂದ ಆ ಹೆಸರು ಅವನಿಗೆ ಒಪ್ಪಿಗೆಯಾಯಿತು.

ಅವನ ಟ್ಯಾಕಲ್ ಕಂಡರೆ ಎದುರಾಳಿಗಳಿಗೆ ನಡುಕ. ಓಡುವವನ ಕುತ್ತಿಗೆ ಅಥವಾ ಮುಖದ ಕಂಬಿಗೆ ಕೈಹಾಕಿ ಎಳೆದು ಬೀಳಿಸುತ್ತಿದ್ದ. ಅದಕ್ಕೆ ‘ನೈಟ್ ಟ್ರೈನ್ ನೆಕ್‌ಟೈ’ ಅಂತ ಹೆಸರೇ ಬಿತ್ತು. ಆಗ ಅದು ನಿಯಮಕ್ಕೆ ವಿರುದ್ಧವಲ್ಲ, ಆದರೆ ಅಪಾಯಕಾರಿ. ಮುಖದ ಕಂಬಿ ಹಿಡಿಯುವುದನ್ನು ಲೀಗ್ 1962ರಲ್ಲಿ ಪೂರ್ತಿ ನಿಷೇಧಿಸಿತು, ಕುತ್ತಿಗೆ ಹಿಡಿತಕ್ಕೂ ಮುಂದೆ ತಡೆ ಬಂತು. ಅವನನ್ನು ಮೆಚ್ಚುವವರು ಇದನ್ನೂ ಒಪ್ಪಿಕೊಳ್ಳಬೇಕು. ಒಂದು ನಿಯಮ ಬದಲಾಗಬೇಕಾದರೆ ಅದರ ಹಿಂದೆ ನೋವು ತಿಂದ ಕುತ್ತಿಗೆಗಳೂ ಇರ್ತವೆ.

ಎರಡು ಸೀಸನ್ ಆದ ಮೇಲೆ ರ‍್ಯಾಮ್ಸ್ ಅವನನ್ನು ಷಿಕಾಗೋ ಕಾರ್ಡಿನಲ್ಸ್‌ಗೆ ಬಿಟ್ಟುಕೊಟ್ಟಿತು. ಬರೀ ಸೋಲುವ ತಂಡ ಅದು. ಅಲ್ಲೂ 1954ರಲ್ಲಿ 10 ಇಂಟರ್‌ಸೆಪ್ಷನ್ ಮಾಡಿ ಇಡೀ ಲೀಗ್‌ಗೆ ಮೊದಲಿಗನಾದ. 1960ರಿಂದ 1965ರವರೆಗೆ ಡೆಟ್ರಾಯಿಟ್ ಲಯನ್ಸ್. ಒಟ್ಟು 68 ಇಂಟರ್‌ಸೆಪ್ಷನ್, ಏಳು ಪ್ರೊ ಬೌಲ್. ಚಾಂಪಿಯನ್ ಪಟ್ಟ ಮಾತ್ರ ಒಂದೂ ಇಲ್ಲ. ರ‍್ಯಾಮ್ಸ್ ಗೆದ್ದದ್ದು 1951ರಲ್ಲಿ, ಇವನು ಬರುವ ಹಿಂದಿನ ವರ್ಷ. ಲಯನ್ಸ್ ಗೆದ್ದದ್ದು 1957ರಲ್ಲಿ, ಇವನು ಬರುವ ಮೂರು ವರ್ಷ ಮೊದಲು. ಊಟಕ್ಕೆ ಹೋದಾಗಲೆಲ್ಲ ಪಂಕ್ತಿ ಮುಗಿದಿರುತ್ತಿತ್ತು ಅನ್ನೋ ಹಾಗೆ.

ಮನೆಯ ಬದುಕಿನಲ್ಲೂ ಹಾಗೇ ಆಯಿತು. 1963ರಲ್ಲಿ ಪ್ರಸಿದ್ಧ ಗಾಯಕಿ ಡೈನಾ ವಾಷಿಂಗ್ಟನ್ ಅವರನ್ನು ಮದುವೆಯಾದ. ಆ ವರ್ಷವೇ ಡಿಸೆಂಬರ್ 14ರಂದು, ಮದುವೆಯಾಗಿ ಆರು ತಿಂಗಳೂ ತುಂಬುವ ಮೊದಲೇ, ಔಷಧಿಗಳ ಪ್ರಮಾಣ ಹೆಚ್ಚಾಗಿ ಆಕೆ ಡೆಟ್ರಾಯಿಟ್‌ನ ಮನೆಯಲ್ಲಿ ತೀರಿಕೊಂಡರು. ವಯಸ್ಸು 39.

1969ರಲ್ಲಿ ಎನ್‌ಎಫ್‌ಎಲ್ ತನ್ನ ಮೊದಲ ಐವತ್ತು ವರ್ಷಗಳ ಶ್ರೇಷ್ಠರನ್ನು ಹೆಸರಿಸಿದಾಗ ಕಾರ್ನರ್‌ಬ್ಯಾಕ್ ಸ್ಥಾನಕ್ಕೆ ಬಂದ ಹೆಸರು ಲೇನ್‌ನದು. 1974ರಲ್ಲಿ ಹಾಲ್ ಆಫ್ ಫೇಮ್. ಕೊನೆಗೂ ಪಟ್ಟಿಗಳು ಅವನನ್ನು ಕಂಡುಕೊಂಡವು.

ಆಮೇಲೆ ಅವನು ಏನು ಮಾಡಿದ ಗೊತ್ತಾ? 1975ರಿಂದ 1992ರವರೆಗೆ, ಹದಿನೇಳು ವರ್ಷ, ಡೆಟ್ರಾಯಿಟ್ ಪೊಲೀಸ್ ಅಥ್ಲೆಟಿಕ್ ಲೀಗ್ ನಡೆಸಿದ. ನಗರದ ಮಕ್ಕಳಿಗೆ ಆಟ ಕಲಿಸಿ, ಬೀದಿಪಾಲಾಗದಂತೆ ನೋಡಿಕೊಳ್ಳುವ ಸಂಸ್ಥೆ ಅದು. ವೃತ್ತಿಪರ ಆಟಕ್ಕೆ ಕೊಟ್ಟದ್ದು ಹದಿನಾಲ್ಕು ವರ್ಷ, ಈ ಮಕ್ಕಳಿಗೆ ಕೊಟ್ಟದ್ದು ಅದಕ್ಕಿಂತ ಹೆಚ್ಚು. ಕೊನೆಗಾಲಕ್ಕೆ ಆಸ್ಟಿನ್‌ಗೇ ವಾಪಸ್ ಹೋಗಿ, 2002ರ ಜನವರಿ 29ರಂದು ಅಲ್ಲೇ ತೀರಿಕೊಂಡ.

ಎಲಾ ಲೇನ್ ಅವತ್ತು ಬೆಕ್ಕು ಕೂಗ್ತಿದೆ ಅಂದುಕೊಂಡು ಮುಂದೆ ಹೋಗಿದ್ದರೆ? ಸ್ಟೈಡಹಾರ್ ಪುಸ್ತಕ ತೆರೆಯದೇ ಇದ್ದಿದ್ದರೆ? ಫಿಯರ್ಸ್ ಬಾಗಿಲು ಹಾಕಿಕೊಂಡಿದ್ದರೆ? ಈ ಪ್ರಶ್ನೆಗಳು ನನ್ನನ್ನು ಬಿಡುತ್ತಿಲ್ಲ. ಈ ಸಲ ಶಾರ್ಟ್‌ಲಿಸ್ಟ್‌ನಲ್ಲಿ ಹೆಸರು ಬರದವರು ತಮ್ಮ ಸ್ಕ್ರ್ಯಾಪ್‌ಬುಕ್ ಎತ್ತಿಕೊಂಡು ಇನ್ನೊಂದು ಬಾಗಿಲಿಗೆ ಹೋಗಿ. ಹೆಸರು ಬಂದವರು ಇವತ್ತು ರಾತ್ರಿ ಯಾರಾದರೂ ಡೌಟ್ ಕೇಳೋಕೆ ನಿಮ್ಮ ರೂಮಿಗೆ ಬಂದರೆ, ದಯವಿಟ್ಟು ಹಾಡಿನ ಸದ್ದು ಸ್ವಲ್ಪ ಕಡಿಮೆ ಮಾಡಿ, ಕೂರಿಸಿಕೊಂಡು ಹೇಳಿಕೊಡಿ.