ಶ್ರೀ ಮೋಳಿಗೆಯ ಮಾರಯ್ಯನವರು

ಶಿವನ ಕರೆಗೆ ಕಾಲನಿಯಮವಿಲ್ಲ. ಅದು ಬಾಲ್ಯದಲ್ಲಿ ಬರಬಹುದು, ಸಕಲೈಶ್ವರ್ಯದ ನಡುವೆ ಬರಬಹುದು, ಇಳಿವಯಸ್ಸಿನಲ್ಲಿಯೂ ಬರಬಹುದು. ಇದಕ್ಕೆ 12ನೆಯ ಶತಮಾನದ ಶರಣರಾದ ಮೋಳಿಗೆಯ ಮಾರಯ್ಯನವರ ಚರಿತ್ರವೇ ಸಾಕ್ಷಿಯಾಗಿರುವುದು.

ಇವರು ಪೂರ್ವದಲ್ಲಿ ಕಾಶ್ಮೀರದೇಶದ ಅರಸರಾಗಿದ್ದರೆಂದು ಪುರಾಣಗಳು ಸಾರುತ್ತವೆ. ಬಸವಣ್ಣನವರ ಕೀರ್ತಿಯನ್ನು ಕೇಳಿದೊಡನೆ ರಾಜ್ಯವನ್ನು ತೊರೆದು, ರಾಣಿಯೊಡನೆ ಕಲ್ಯಾಣಕ್ಕೆ ಬಂದು, ಮಾರಯ್ಯ, ಮಹಾದೇವಿ ಎಂಬ ನಾಮಗಳಿಂದ ಶರಣದಂಪತಿಗಳಾದರು. ಶ್ವೇತಚ್ಛತ್ರದ ನೆಳಲಲ್ಲಿದ್ದ ತಲೆಯು ಸೌದೆಯ ಹೊರೆಯನ್ನು ಹೊತ್ತಿತು. ಕಟ್ಟಿಗೆ ಮಾರಿ ಬಂದುದರಿಂದಲೇ ಜಂಗಮದಾಸೋಹವು ನಡೆಯಿತು. ಬಸವಣ್ಣನವರು ಆ ಬಡಮನೆಯಲ್ಲಿ ಅಂಬಲಿಯನ್ನು ಸವಿದು, ಗುಟ್ಟಾಗಿ ಹೊನ್ನನ್ನಿರಿಸಿ ಹೋಗಲು, ದಂಪತಿಗಳು ಅದನ್ನು ತಮ್ಮದೆಂದು ಬಗೆಯದೆ ಜಂಗಮರಿಗೆ ಒಪ್ಪಿಸಿದರಂತೆ.

ಕಡೆಗಾಲದಲ್ಲಿ ಮಾರಯ್ಯನವರಿಗೆ ಕೈಲಾಸವನ್ನು ಸೇರಬೇಕೆಂಬ ಹಂಬಲವು ಮೂಡಿತು. ಆಗ ಮಹಾದೇವಮ್ಮನವರು, ಕರಸ್ಥಲದಲ್ಲಿ ಲಿಂಗವಿರಲು ಬೇರೊಂದು ಕೈಲಾಸವನ್ನು ಅರಸುವುದು ತರವಲ್ಲವೆಂದು ತಿಳುಹಿದರು. ರಾಜ್ಯವನ್ನು ಬಿಟ್ಟಿದ್ದ ಆ ಮಹಾನುಭಾವರು ಸತಿಯ ಮಾತನ್ನು ಗುರುವಾಕ್ಯದಂತೆ ಕೈಕೊಂಡು ಆ ಬಯಕೆಯನ್ನೂ ಬಿಟ್ಟರು. ಮೊದಲ ತ್ಯಾಗಕ್ಕಿಂತ ಈ ಎರಡನೆಯದು ಹಿರಿದು. ರಾಜ್ಯವು ಹೊರಗಿನದು, ಬಯಕೆಯಾದರೋ ಒಳಗಿನದು.

ಸದ್ಭಕ್ತರೇ, ಕಾಲ ಮೀರಿತೆಂದು ಮರುಗಬೇಡಿರಿ, ಎಲ್ಲವನ್ನೂ ಅರಿತೆವೆಂದು ಬೀಗಲೂಬೇಡಿರಿ. ಕರೆಯು ಮನೆಯವರ ಬಾಯಿಂದಲೇ ಬಂದೀತು, ಕಿವಿಯು ತೆರೆದಿರಲಿ.