ಕಂಠೀರವನ ಬಿರುದು, ಚರಿತ್ರೆಯ ಹೊರೆ

ಮೈಸೂರು ದಸರೆಯ ಕುಸ್ತಿ ಪಂದ್ಯಗಳಲ್ಲಿ ಗೆದ್ದವರಿಗೆ ನೀಡುವ ಬಿರುದುಗಳಲ್ಲಿ ‘ದಸರಾ ಕಂಠೀರವ’ವೂ ಒಂದು. ಬೆಂಗಳೂರಿನ ಕ್ರೀಡಾಂಗಣಕ್ಕೂ ಅದೇ ಹೆಸರು. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಮೈಸೂರು ರಾಜ್ಯವನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರು ಹೀಗೆ ಮಲ್ಲವಿದ್ಯೆಯ ಮಾನದಂಡವೇ ಆಗಿದೆ.

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಬೆಳೆದ ನನಗೆ ಈ ಅರಸ ಮೊದಲು ಕಂಡದ್ದು 1960ರ ಚಲನಚಿತ್ರದಲ್ಲಿ, ರಾಜ್‌ಕುಮಾರ್ ಅವರ ರೂಪದಲ್ಲಿ. ಕಂಠೀರವನ ಕಾಲದಲ್ಲಿ ನಮ್ಮ ಸೀಮೆ ಮೈಸೂರಿನ ಒಳಗಿರಲಿಲ್ಲ. ಶಿರಾ ಬಿಜಾಪುರದವರ ವಶವಾಗಿತ್ತು. ತುಮಕೂರಿನ ಕಡೆಗೆ ಮೈಸೂರಿನ ಆಳ್ವಿಕೆ ಚಾಚಿದ್ದು ಮುಂದೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಆದರೂ ನಾವು ಅವನನ್ನು ನಮ್ಮವನೆಂದೇ ಭಾವಿಸಿದೆವು. ಅದಕ್ಕೆ ಕಾರಣ ಅವನ ರಾಜ್ಯವಲ್ಲ, ಅವನ ಕುಸ್ತಿಯ ಕಥೆ.

ಆ ಐತಿಹ್ಯ ಹೀಗಿದೆ: ತಿರುಚಿರಾಪಳ್ಳಿಯ ಜಟ್ಟಿಯೊಬ್ಬ ತನಗೆ ಸಮಾನರಿಲ್ಲವೆಂದು ಕೋಟೆಯ ಬಾಗಿಲಿಗೆ ತನ್ನ ಚಲ್ಲಣ ಕಟ್ಟಿದ್ದ. ಊರೊಳಗೆ ಹೋಗುವವರೆಲ್ಲ ಅದರ ಕೆಳಗೆ ನುಸುಳಿ ಸೋಲೊಪ್ಪಬೇಕಿತ್ತು. ಇನ್ನೂ ಪಟ್ಟವೇರದ ಕಂಠೀರವ ವೇಷ ಮರೆಸಿಕೊಂಡು ಹೋಗಿ ಅವನನ್ನು ಸೋಲಿಸಿದ. ಸನ್ಮಾನಕ್ಕೆ ಕಾಯದೆ ರಾತ್ರೋರಾತ್ರಿ ಊರು ಬಿಟ್ಟ. ಕಥೆ ಎಷ್ಟು ನಿಜವೋ, ಅದರ ಹಿಂದಿನ ಮೌಲ್ಯವಂತೂ ನಿಜ. ಜಪಾನಿನ ಸುಮೋ ಕುಸ್ತಿಯಲ್ಲಿ ವರ್ಷಕ್ಕೆ ಆರು ಮಹಾಪಂದ್ಯಾವಳಿಗಳು ನಡೆಯುತ್ತವೆ. ಪ್ರತಿಯೊಂದರ ಫಲಿತಾಂಶ ನೋಡಿ ಶ್ರೇಯಾಂಕದ ಪಟ್ಟಿ ಬದಲಾಗುತ್ತದೆ. ಆದರೆ ತುತ್ತತುದಿಯ ಯೊಕೊಜುನಾ ಪದವಿಗೆ ಗೆಲುವಷ್ಟೇ ಸಾಲದು, ಘನತೆಯೂ ಬೇಕು. ಆ ಪದವಿಯಿಂದ ಹಿಂಬಡ್ತಿ ಇಲ್ಲ; ಶಕ್ತಿ ಕುಂದಿದವನು ತಾನಾಗಿಯೇ ಅಖಾಡ ಬಿಡಬೇಕು. ಚಲ್ಲಣ ಕಟ್ಟಿದವನನ್ನಲ್ಲ, ಸನ್ಮಾನ ಬಿಟ್ಟು ಹೋದವನನ್ನು ನೆನೆಯುವ ನಮ್ಮ ಕಥೆಯೂ ಕೇಳುವುದು ಅದನ್ನೇ.

ಸಿಂಹಾಸನದ ಅಖಾಡ ಇನ್ನೂ ಕಠಿಣವಾಗಿತ್ತು. ಇಮ್ಮಡಿ ರಾಜ ಒಡೆಯರು ದಳವಾಯಿ ವಿಕ್ರಮರಾಯನ ಸಂಚಿಗೆ ಬಲಿಯಾದ ಮೇಲೆ ಕಂಠೀರವ ಪಟ್ಟಕ್ಕೆ ಬಂದ. ದಳವಾಯಿಯನ್ನು ಇಲ್ಲವಾಗಿಸಿ ಅಧಿಕಾರವನ್ನು ಕೈಗೆ ತೆಗೆದುಕೊಂಡ. 1639ರಲ್ಲಿ ಬಿಜಾಪುರದ ರಣದುಲ್ಲಾ ಖಾನ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಹಿಮ್ಮೆಟ್ಟಿಸಿದ. ಕೋಟೆಯಲ್ಲಿ ನರಸಿಂಹಸ್ವಾಮಿ ದೇವಾಲಯ ಕಟ್ಟಿಸಿದ. ಕೈಮುಗಿದು ನಿಂತ ಅವನ ಶಿಲ್ಪವೂ ಅಲ್ಲಿದೆ. ಅವನು ಟಂಕಿಸಿದ ಕಂಠೀರಾಯಿ ಹಣದ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲೂ ಮೈಸೂರಿನ ಲೆಕ್ಕಪತ್ರಗಳಲ್ಲಿ ಉಳಿದಿತ್ತು. ಅವನ ಕಾಲದ ನವರಾತ್ರಿಯ ವೈಭವ ಗೋವಿಂದ ವೈದ್ಯನ ಹೆಸರಿನಲ್ಲಿ ಪ್ರಸಿದ್ಧವಾದ ‘ಕಂಠೀರವ ನರಸರಾಜ ವಿಜಯ’ದಲ್ಲಿ ದಾಖಲಾಗಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಲೇಖನವೂ ಚಲನಚಿತ್ರದಂತೆ ಸುಖಾಂತವಾಗುತ್ತಿತ್ತು. ಆದರೆ 1656ರ ಸುಮಾರಿಗೆ ಮಧುರೆಯ ತಿರುಮಲ ನಾಯಕನ ನಾಡಿಗೆ ನುಗ್ಗಿದ ಮೈಸೂರು ಸೈನ್ಯ, ಕೈಗೆ ಸಿಕ್ಕವರ ಮೂಗು ಕೊಯ್ದಿತು. ಅದಕ್ಕೆ ಬಲಿಯಾದವರಲ್ಲಿ ಸಾಮಾನ್ಯ ಜನರೂ ಇದ್ದರು. ಆ ಕಾಲದ ಜೆಸ್ವಿಟ್ ಪಾದ್ರಿಗಳ ಪತ್ರಗಳಲ್ಲಿ ಇದರ ವಿವರವಿದೆ. ಬಳಿಕ ಮಧುರೆಯವರೂ ಮೈಸೂರು ಸೀಮೆಗೆ ಬಂದು ಅದೇ ಬಗೆಯಲ್ಲಿ ಸೇಡು ತೀರಿಸಿಕೊಂಡರು. ಜಟ್ಟಿಯ ಕಥೆ ನಡೆದ ತಿರುಚಿರಾಪಳ್ಳಿಯೂ ಆ ನಾಯಕರ ರಾಜ್ಯದ್ದೇ ಎಂಬುದು ಗಮನಾರ್ಹ.

ಬೆನ್ನು ಮಣ್ಣಿಗೆ ತಾಗಿದವನನ್ನು ಬಿಟ್ಟು ಮೇಲೇಳುವುದು ಕುಸ್ತಿಯ ಮೊದಲ ಪಾಠ. ನಮ್ಮ ಗರಡಿಮನೆಗಳಲ್ಲಿ ಕೆಮ್ಮಣ್ಣಿಗೆ ನಮಸ್ಕರಿಸಿ ಕಣಕ್ಕಿಳಿಯುವ ಹುಡುಗನಿಗೂ ಅದು ಗೊತ್ತು. ಯುದ್ಧದಲ್ಲಿ ಅರಸನ ಸೈನ್ಯ ಆ ಪಾಠ ಮರೆಯಿತು. ಆ ಯುಗದ ಯುದ್ಧಗಳೆಲ್ಲ ಹಾಗೆಯೇ ಇದ್ದವೆಂದು ಸಮಾಧಾನ ಹೇಳಿಕೊಳ್ಳಬಹುದು. ಮೂಗು ಕಳೆದುಕೊಂಡವನಿಗೆ ಆ ಸಮಾಧಾನ ಸಲ್ಲದು.

ಹಾಗೆಂದು ಬಿರುದಿನಿಂದ ಈ ಹೆಸರನ್ನು ಅಳಿಸಬೇಕೆಂದು ನಾನು ಹೇಳುವುದಿಲ್ಲ. ಗದೆ ಹೊತ್ತು ನಿಲ್ಲುವ ಯುವ ಪೈಲ್ವಾನನಿಗೆ ಮುತ್ತಿಗೆಯ ಗೆಲುವಿನ ಜೊತೆಗೆ ಮೂಗು ಕೊಯ್ದ ಕಥೆಯನ್ನೂ ಹೇಳೋಣ. ಬಲಶಾಲಿ ಎಲ್ಲಿ ಕೈ ತಡೆಯಬೇಕೆಂಬುದನ್ನು ಎರಡನೆಯ ಕಥೆಯೇ ಚೆನ್ನಾಗಿ ಕಲಿಸುತ್ತದೆ.