50 ಪೌಂಡಿನ ಸಂಬಳ

1787ರ ಅಕ್ಟೋಬರ್‌ನಲ್ಲಿ ಕ್ಯಾರೋಲಿನ್ ಹರ್ಷಲ್ ಕೈಗೆ 12 ಪೌಂಡ್ 10 ಶಿಲ್ಲಿಂಗ್ ಬಂತು. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಆಕೆಗೆ ಗೊತ್ತುಮಾಡಿದ್ದ, ವರ್ಷಕ್ಕೆ 50 ಪೌಂಡ್ ಸಂಬಳದ ಮೊದಲ ಕಂತು ಅದು. ಆಗ ಆಕೆಗೆ 37 ವರ್ಷ. ತನಗಿಷ್ಟ ಬಂದಂತೆ ಖರ್ಚು ಮಾಡಬಹುದಾದ ದುಡ್ಡನ್ನು ಆಕೆ ಕಂಡದ್ದು ಅದೇ ಮೊದಲು.

ಹುಟ್ಟಿದ್ದು 1750ರಲ್ಲಿ, ಜರ್ಮನಿಯ ಹ್ಯಾನೋವರ್‌ನಲ್ಲಿ. ಅಪ್ಪ ಸೇನೆಯಲ್ಲಿ ವಾದ್ಯಗಾರ. ಹತ್ತನೇ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು, ಆಕೆಯ ಎತ್ತರ ನಾಲ್ಕೂಕಾಲು ಅಡಿಗೇ ನಿಂತಿತು. ರೂಪವೂ ಇಲ್ಲ, ಹಣವೂ ಇಲ್ಲ, ಮದುವೆಯ ಆಸೆ ಇಟ್ಟುಕೊಳ್ಳಬೇಡ ಎಂದು ಅಪ್ಪನೇ ಹೇಳಿಬಿಟ್ಟಿದ್ದ. ಅಮ್ಮನಿಗೆ ಮಗಳು ಮನೆಗೆಲಸಕ್ಕೆ ಸಿಕ್ಕರೆ ಸಾಕಿತ್ತು, ಓದು ಬೇಕಿರಲಿಲ್ಲ. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಸಂಗೀತಗಾರನಾಗಿದ್ದ ಅಣ್ಣ ವಿಲಿಯಂ 1772ರಲ್ಲಿ ಆಕೆಯನ್ನು ಕರೆದೊಯ್ಯಲು ಬಂದಾಗ, ಬದಲಿಗೆ ಕೆಲಸದವಳನ್ನು ಇಟ್ಟುಕೊಳ್ಳಲೆಂದು ಅಮ್ಮನಿಗೆ ಹಣದ ವ್ಯವಸ್ಥೆ ಮಾಡಬೇಕಾಯಿತು.

ಬಾತ್‌ನಲ್ಲಿ ಕ್ಯಾರೋಲಿನ್ ಹಾಡಲು ಕಲಿತಳು, ಕಛೇರಿಗಳಲ್ಲಿ ಮುಖ್ಯ ಗಾಯಕಿಯೂ ಆದಳು. ಅಷ್ಟರಲ್ಲಿ ಅಣ್ಣನಿಗೆ ದೂರದರ್ಶಕದ ಹುಚ್ಚು ಹಿಡಿಯಿತು. ಕನ್ನಡಿ ಎರಕ ಹೊಯ್ಯುವ ಅಚ್ಚಿಗಾಗಿ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದವಳು ಈಕೆ. ಅಣ್ಣ ಒಮ್ಮೆ 16 ಗಂಟೆ ಕೈಬಿಡದೆ ಕನ್ನಡಿ ಉಜ್ಜುತ್ತಿದ್ದಾಗ ಬಾಯಿಗೆ ತುತ್ತಿಟ್ಟವಳೂ ಈಕೆಯೇ. 1781ರಲ್ಲಿ ವಿಲಿಯಂ ಯುರೇನಸ್ ಕಂಡುಹಿಡಿದ. ದೊರೆ ಅವನಿಗೆ ವರ್ಷಕ್ಕೆ 200 ಪೌಂಡ್ ಕೊಟ್ಟ. ತಂಗಿಯ ಹಾಡು ಅಲ್ಲಿಗೇ ನಿಂತಿತು.

ರಾತ್ರಿ ಅಣ್ಣ ನೋಡಿ ಹೇಳಿದ್ದನ್ನು ಬರೆದುಕೊಳ್ಳುವುದು, ಹಗಲು ಅದನ್ನೆಲ್ಲ ಲೆಕ್ಕ ಹಾಕಿ, ತಿದ್ದಿ, ಶುದ್ಧಪ್ರತಿ ಮಾಡುವುದು. ದಿನವಿಡೀ ಡೇಟಾ ಸರಿಪಡಿಸುತ್ತಾ ಕೂರುವ ನನ್ನಂಥವಳಿಗೆ ಈ ಕೆಲಸದ ಗುರುತು ಥಟ್ಟನೆ ಸಿಗುತ್ತದೆ. ಅಂದಹಾಗೆ, ಆಕೆಗೆ ಮಗ್ಗಿ ಕೊನೆಯವರೆಗೂ ಬಾಯಿಗೆ ಬರಲಿಲ್ಲವಂತೆ. ಪಕ್ಕದಲ್ಲಿ ಮಗ್ಗಿಯ ಹಾಳೆ ಇಟ್ಟುಕೊಂಡೇ ಗುಣಿಸುತ್ತಿದ್ದಳು. 1783ರ ಡಿಸೆಂಬರ್ 31ರ ರಾತ್ರಿ, ಹಿಮದಲ್ಲಿ ಓಡುವಾಗ ಜಾರಿ ಬಿದ್ದು ಕಬ್ಬಿಣದ ಕೊಕ್ಕೆ ತೊಡೆಗೆ ನಾಟಿತು. ಬಿಡಿಸುವಾಗ ಎರಡು ಔನ್ಸಿನಷ್ಟು ಮಾಂಸವೇ ಕಿತ್ತುಬಂತು. ಮುಂದಿನ ರಾತ್ರಿಗಳಲ್ಲಿ ಮೋಡ ಕವಿದು ಅಣ್ಣನ ಕೆಲಸ ಕೆಡಲಿಲ್ಲವೆಂದು ಆಕೆ ಸಮಾಧಾನಪಟ್ಟಳು. ಇದನ್ನು ಓದಿ ನನಗೆ ಸಿಟ್ಟೇ ಬಂತು.

1786ರ ಆಗಸ್ಟ್ 1ರಂದು ಅಣ್ಣ ಊರಲ್ಲಿರಲಿಲ್ಲ. ದೂರದರ್ಶಕ ಆಕೆಯ ಪಾಲಿಗಿತ್ತು. ಆ ರಾತ್ರಿ ಒಂದು ಧೂಮಕೇತು ಕಂಡಳು. 1797ರ ಹೊತ್ತಿಗೆ ಅವು ಎಂಟಾದವು. ಸಂಬಳ ಬಂದದ್ದು ಮೊದಲನೆಯದರ ಮರುವರ್ಷ.

1788ರಲ್ಲಿ ವಿಲಿಯಂ ಮದುವೆಯಾದ. ಮನೆಯ ಯಜಮಾನಿಕೆ ಬಿಟ್ಟುಕೊಟ್ಟು ಕ್ಯಾರೋಲಿನ್ ಬೇರೆ ಬಾಡಿಗೆ ಕೋಣೆಗೆ ಹೋದಳು. ಆ ನಂತರದ ಹತ್ತು ವರ್ಷಗಳ ದಿನಚರಿಯನ್ನು ತಾನೇ ನಾಶಮಾಡಿದಳು. ಅತ್ತಿಗೆಯೊಡನೆ ಆಮೇಲೆ ಚೆನ್ನಾಗಿಯೇ ಇದ್ದಳು. ಫ್ಲಾಮ್‌ಸ್ಟೀಡ್‌ನ ನಕ್ಷತ್ರಪಟ್ಟಿಯಲ್ಲಿ ಬಿಟ್ಟುಹೋಗಿದ್ದ 500ಕ್ಕೂ ಹೆಚ್ಚು ನಕ್ಷತ್ರಗಳನ್ನು ಹೆಕ್ಕಿ ಕೊಟ್ಟದ್ದೂ ಆ ವರ್ಷಗಳಲ್ಲೇ.

1822ರಲ್ಲಿ ಅಣ್ಣ ತೀರಿಕೊಂಡ ಮೇಲೆ ಹ್ಯಾನೋವರ್‌ಗೆ ಮರಳಿ, ಅಣ್ಣನ ಮಗ ಜಾನ್‌ಗಾಗಿ ನೀಹಾರಿಕೆಗಳ ದೊಡ್ಡ ಪಟ್ಟಿ ತಯಾರಿಸಿದಳು. ಅದಕ್ಕೆ 1828ರಲ್ಲಿ ಲಂಡನ್ನಿನ ಖಗೋಳ ಸಂಘದ ಚಿನ್ನದ ಪದಕ ಬಂತು. ಆ ಪದಕ ಇನ್ನೊಬ್ಬ ಹೆಂಗಸಿಗೆ ಸಿಕ್ಕಿದ್ದು 1996ರಲ್ಲಿ.

1848ರ ಜನವರಿಯಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಇಚ್ಛೆಯಂತೆ ಶವಪೆಟ್ಟಿಗೆಯಲ್ಲಿ ಇಟ್ಟದ್ದು ಅಣ್ಣನ ಕೂದಲಿನ ಒಂದು ಕುರುಳು, ಅಪ್ಪ ಬಳಸುತ್ತಿದ್ದ ಹಳೆಯ ಪಂಚಾಂಗ.